ಕಾಕಾ ಕಳಿಸಿದ ವಿಡಿಯೊ, ಅತ್ತೆ ಕೇಳಿದ ಲೆಕ್ಕ

ನಮ್ಮ ಮನೆ ಮಂದಿಯ ವಾಟ್ಸಾಪ್ ಗುಂಪಿನಲ್ಲಿ ಭಾನುವಾರ ನಡೆದ ಜಗಳ ಇದು. ಎಲ್ಲರನ್ನೂ ಕೇಳಿಯೇ ಹಾಕುತ್ತಿದ್ದೇನೆ. ಶುಭೋದಯದ ಗುಲಾಬಿ, ಒಂದು ಜವಳದ ಆಮಂತ್ರಣ, ಎರಡೆರಡು ಸಲ ಬಂದ ಮಂಡಿಗೆ ಫೋಟೊ ತೆಗೆದಿದ್ದೇನೆ. ಹೆಸರಿನ ಬದಲು ಸಂಬಂಧ ಇಟ್ಟಿದ್ದೇನೆ. ಧಾರವಾಡದ ಅತ್ತೆ ಬ್ಯಾಂಕಿನ ಬಿಲ್ ವಿಭಾಗದಲ್ಲಿ ನಿವೃತ್ತಿಯಾದವರು ಅನ್ನುವುದು ಮೊದಲೇ ಗೊತ್ತಿರಲಿ.

ಗದಗ ಕಾಕಾ: (ಬಹಳ ಸಲ ಫಾರ್ವರ್ಡ್ ಆದ ವಿಡಿಯೊ) ಪೂರ್ತಿ ನೋಡಿ. ಶಾಲೆಯಲ್ಲಿ ಹೇಳದ ಎರಡನೇ ಮಹಾಯುದ್ಧ. ಆರು ವರ್ಷದಲ್ಲಿ ಎಲ್ಲರಿಗೂ ಕೆಲಸ, ಕನ್ನಡಿಯಂಥ ರಸ್ತೆ. ಅವನಿಗೆ ಯುದ್ಧವೇ ಬೇಕಿರಲಿಲ್ಲ, ಪೋಲೆಂಡ್ ಹಟ ಮಾಡಿತು. ನಮಗೂ ಒಂದೈದು ವರ್ಷ ಅಂಥವನು ಬೇಕು.

ಹಾವೇರಿ ಮಾಮಾ: ಅಂಥವನು ಅಂದರೆ ಹಿಟ್ಲರ್ ಅಲ್ವಾ? ಹೆಸರು ಬಾಯಿಗೆ ಬರಲಿಲ್ಲ ನೋಡಿ.

ಗದಗ ಕಾಕಾ: ಹಿಟ್ಲರ್. ಸಾಕಾ? ಯಹೂದಿಗಳಿಗೆ ಮಾಡಿದ್ದು ತಪ್ಪು, ಅದನ್ನು ಯಾರೂ ಒಪ್ಪುವುದಿಲ್ಲ. ಅದನ್ನು ಬದಿಗಿಟ್ಟು ಉಳಿದದ್ದು ನೋಡಿ ಅಂತ ಹೇಳುತ್ತಿದ್ದೇನೆ.

ಜರ್ಮನಿ ಅಣ್ಣ: ಕಾಕಾ, 60 ಲಕ್ಷ ಜನರನ್ನು ಎಲ್ಲಿ ಬದಿಗಿಡುವುದು? ನಾನಿರುವ ಬೀದಿಯ ಫುಟ್‌ಪಾತ್ ಕಲ್ಲುಗಳ ನಡುವೆ 10 ಸೆಂಟಿಮೀಟರ್ ಚೌಕದ ಹಿತ್ತಾಳೆ ತಗಡು ಕೂರಿಸಿದ್ದಾರೆ. ಇಲ್ಲಿ ವಾಸವಿದ್ದರು ಅಂತ ಶುರುವಾಗುತ್ತದೆ. ಕೆಳಗೆ ಹೆಸರು, ಹುಟ್ಟಿದ ವರ್ಷ, ಯಾವ ಶಿಬಿರಕ್ಕೆ ಒಯ್ದರು, ಎಲ್ಲಿ ಕೊಂದರು. ಹಾಲು ತರಲು ಹೋಗುವಾಗ ಅದರ ಮೇಲೆ ಕಾಲು ಬೀಳದಂತೆ ಸರಿದು ನಡೆಯುತ್ತೇನೆ. ಯುರೋಪಿನಲ್ಲಿ ಇಂಥವು 1 ಲಕ್ಷ ದಾಟಿವೆ. ಇದೇ ದೇಶದಲ್ಲಿ 2018ರಲ್ಲಿ ಎಎಫ್‌ಡಿ ಎಂಬ ಕಡು ಬಲಪಂಥೀಯ ಪಕ್ಷದ ನಾಯಕ ಗೌಲಾಂಡ್ ಭಾಷಣ ಮಾಡಿದರು. ಸಾವಿರ ವರ್ಷದ ಜರ್ಮನ್ ಇತಿಹಾಸದ ಎದುರು ಹಿಟ್ಲರ್ ಕಾಲ ಬರೀ ಹಕ್ಕಿ ಹಿಕ್ಕೆ ಅಂದರು. ಅವರು ಹೇಳಿದ್ದೂ ಇದನ್ನೇ, ಬದಿಗಿಡಿ ಅಂತ.

ವೈನಿ: ಬೆಳಿಗ್ಗೆ ಬೆಳಿಗ್ಗೆ ಏನಿದು. ಜವಳಕ್ಕೆ ಯಾರ್ಯಾರು ಬರುತ್ತೀರಿ ಮೊದಲು ಹೇಳಿ.

(ಯಾರೂ ಹೇಳಲಿಲ್ಲ.)

ಧಾರವಾಡ ಅತ್ತೆ: ಅಣ್ಣಾ, ವಿಡಿಯೊ ಪೂರ್ತಿ ನೋಡಿದೆ. ನಿರುದ್ಯೋಗ ಇಳಿದದ್ದು ಸುಳ್ಳಲ್ಲ. 1933ರ ಜನವರಿಯಲ್ಲಿ 60 ಲಕ್ಷ ಜನ ಕೆಲಸವಿಲ್ಲದೆ ಕೂತಿದ್ದರು, 1939ಕ್ಕೆ ಕೆಲಸಕ್ಕೆ ಜನ ಸಿಗುತ್ತಿರಲಿಲ್ಲ. ಆದರೆ ಅದು ರಸ್ತೆಯಿಂದ ಆದದ್ದಲ್ಲ. ಆಟೊಬಾನ್ ಅನ್ನುವ ಹೆದ್ದಾರಿಗಳ ಕೆಲಸ ಜೋರಾಗಿದ್ದಾಗಲೂ ಅಲ್ಲಿ ಇದ್ದವರು ಒಂದೂಕಾಲು ಲಕ್ಷದ ಆಸುಪಾಸು. ಕಲೋನ್‌ನಿಂದ ಬಾನ್‌ಗೆ ಹೋಗುವ ರಸ್ತೆಯಂತೂ ಅವನು ಬರುವ ಮೊದಲೇ, 1932ರ ಆಗಸ್ಟ್‌ನಲ್ಲಿ ತೆರೆದಿತ್ತು. ತೆರೆದವರು ಕಲೋನ್ ಮೇಯರ್ ಅಡೆನಾವರ್. ಮುಂದಿನ ವರ್ಷ ನಾಜಿಗಳು ಅವರನ್ನೇ ಕುರ್ಚಿಯಿಂದ ಇಳಿಸಿದರು. ಯಹೂದಿಗಳನ್ನು ಸರ್ಕಾರಿ ನೌಕರಿಯಿಂದ ತೆಗೆದರು, ಮದುವೆ ಸಾಲ ಕೊಟ್ಟು ಹೆಂಗಸರನ್ನು ಮನೆಗೆ ಕಳಿಸಿದರು, 1935ರಿಂದ ಹುಡುಗರಿಗೆ ಸೇನೆ ಕಡ್ಡಾಯ. ಮಿಕ್ಕವರಿಗೆ ಮದ್ದುಗುಂಡಿನ ಫ್ಯಾಕ್ಟರಿ. ಅದಕ್ಕೆ ದುಡ್ಡು ಎಲ್ಲಿಂದ ಬಂತು ಹೇಳುತ್ತೇನೆ, ತಾಳು, ಒಲೆ ಮೇಲೆ ಹಾಲಿದೆ.

ಗದಗ ಕಾಕಾ: ಬಂತು ಬ್ಯಾಂಕು.

ಧಾರವಾಡ ಅತ್ತೆ: ಬರಲಿ. 1933ರಲ್ಲಿ ಮೆಫೊ ಅಂತ ಒಂದು ಕಂಪನಿ ತೆರೆದರು. ಬಂಡವಾಳ 10 ಲಕ್ಷ ಮಾರ್ಕ್. ಫ್ಯಾಕ್ಟರಿ ಇಲ್ಲ, ಗೋದಾಮು ಇಲ್ಲ, ಬರೀ ಬೋರ್ಡು. ಕ್ರುಪ್ ಥರದವರು ತೋಪು ಮಾಡಿಕೊಟ್ಟರೆ ಬಿಲ್ ಬರೆಯಬೇಕಾದದ್ದು ಸರ್ಕಾರದ ಮೇಲಲ್ಲ, ಮೆಫೊ ಮೇಲೆ. ಮೆಫೊ ಒಪ್ಪಿ ಸಹಿ ಹಾಕುತ್ತದೆ. ಆ ಬಿಲ್ಲನ್ನು ಅಲ್ಲಿನ ಕೇಂದ್ರ ಬ್ಯಾಂಕಾದ ರೀಶ್ ಬ್ಯಾಂಕ್ ಡಿಸ್ಕೌಂಟ್ ಮಾಡಿ, ಅಂದರೆ ಸ್ವಲ್ಪ ಮುರಿದುಕೊಂಡು, ಗಡುವಿಗೆ ಮೊದಲೇ ನಗದು ಕೊಡುತ್ತದೆ. ಗಡುವು ಬಂದಾಗ ಇನ್ನು ಮೂರು ತಿಂಗಳು, ಆಮೇಲೆ ಇನ್ನು ಮೂರು ತಿಂಗಳು. ಬಜೆಟ್ಟಿನಲ್ಲಿ ಇದರ ಸುಳಿವೇ ಇಲ್ಲ. 1938ರ ಹೊತ್ತಿಗೆ ಇಂಥ ಬಿಲ್ 1,200 ಕೋಟಿ ಮಾರ್ಕ್. ನಾವು ಇದಕ್ಕೆ ಅಕಾಮಡೇಶನ್ ಬಿಲ್, ಅಂದರೆ ತಾನು ಮಾಲು ಪಡೆಯದೆ ಬೇರೆಯವರಿಗಾಗಿ ಸಹಿ ಹಾಕಿದ ಬಿಲ್, ಅನ್ನುತ್ತಿದ್ದೆವು. ಶಾಖೆಯಲ್ಲಿ ಯಾರಾದರೂ ಮಾಡಿದ್ದರೆ ಆಡಿಟ್‌ನವರು ಮಧ್ಯಾಹ್ನದ ಊಟದೊಳಗೆ ಹಿಡಿಯುತ್ತಿದ್ದರು.

ಧಾರವಾಡ ಅತ್ತೆ: ಕಡೆಗೆ ಈ ಉಪಾಯ ಹೂಡಿದ ರೀಶ್ ಬ್ಯಾಂಕ್ ಅಧ್ಯಕ್ಷ ಶಾಖ್ಟ್‌ಗೇ ಭಯ ಹತ್ತಿತು. 1939ರ ಜನವರಿಯಲ್ಲಿ ಬ್ಯಾಂಕಿನ ನಿರ್ದೇಶಕರೆಲ್ಲ ಸೇರಿ, ಖರ್ಚು ಹಿಡಿತ ತಪ್ಪಿದೆ ಅಂತ ಹಿಟ್ಲರ್‌ಗೆ ಬರೆದುಕೊಟ್ಟರು. ಅದೇ ತಿಂಗಳು ಶಾಖ್ಟ್ ಕೆಲಸ ಹೋಯಿತು. ಹಿಂದಿನ ವರ್ಷವೇ ಹಿಟ್ಲರ್ ಆಸ್ಟ್ರಿಯದ ಬ್ಯಾಂಕಿನ ಚಿನ್ನ ನುಂಗಿದ್ದ. ಮಾರ್ಚ್‌ನಲ್ಲಿ ಪ್ರಾಗ್‌ನ ಚಿನ್ನ. ಸೆಪ್ಟೆಂಬರ್‌ನಲ್ಲಿ ಪೋಲೆಂಡ್. ನಿನ್ನ ವಿಡಿಯೊದಲ್ಲಿ ರಸ್ತೆ ಇದೆ, ಬಿಲ್ ಇಲ್ಲ.

ಗದಗ ಕಾಕಾ: ಯಾವ ಸರ್ಕಾರ ಸಾಲ ಮಾಡುವುದಿಲ್ಲ?

ಧಾರವಾಡ ಅತ್ತೆ: ಎಲ್ಲವೂ ಮಾಡುತ್ತವೆ. ನಮ್ಮ ಸರ್ಕಾರದ ಸಾಲ ಸಿಎಜಿ ವರದಿಯಲ್ಲಿ ಬರುತ್ತದೆ, ಅದನ್ನು ಓದಿ ನೀನು ಇದೇ ಗುಂಪಿನಲ್ಲಿ ಬೈಯುತ್ತೀಯ. ಅಲ್ಲಿ ಬೈಯುವವರಿಗೆ 1933ರ ಮಾರ್ಚ್‌ನಲ್ಲೇ ದಾಖಾವ್ ಬಂಧನ ಶಿಬಿರ ಸಿದ್ಧವಾಗಿತ್ತು. ಮೇ 2ಕ್ಕೆ ಕಾರ್ಮಿಕ ಸಂಘಗಳ ಕಚೇರಿಗೆ ನುಗ್ಗಿದರು. ಜುಲೈ 14ಕ್ಕೆ ಅವನ ಪಕ್ಷ ಬಿಟ್ಟು ಬೇರೆ ಪಕ್ಷ ಕಟ್ಟುವುದೇ ಅಪರಾಧ. ಮಾರ್ಚ್ 5ರ ಚುನಾವಣೆಯಲ್ಲಿ, ಅಷ್ಟೆಲ್ಲ ಹೆದರಿಸಿಯೂ, ಅವನಿಗೆ ಬಂದದ್ದು ಶೇ. 43.9 ಮತ.

ನಾನು: ಅದೆಲ್ಲ ಸದ್ದಿಲ್ಲದೆ ನಡೆಯಿತು ಅಂತ ಹೇಳುವುದೇ ಕೆಲವರಿಗೆ ಇಷ್ಟ. 2013ರಲ್ಲಿ ಜಪಾನಿನ ಉಪಪ್ರಧಾನಿ ತಾರೊ ಅಸೊ ತಮ್ಮ ಸಂವಿಧಾನ ತಿದ್ದುವ ಚರ್ಚೆಯಲ್ಲಿ, ಹಿಟ್ಲರ್‌ಗಿಂತ ಮೊದಲಿನ ಜರ್ಮನಿಯ ವೈಮಾರ್ ಸಂವಿಧಾನ ಯಾರಿಗೂ ಗೊತ್ತಾಗದ ಹಾಗೆ ಬದಲಾಯಿತು, ಆ ಉಪಾಯದಿಂದ ನಾವೂ ಕಲಿಯಬಾರದೇ ಅಂದಿದ್ದರು. ಗಲಾಟೆಯಾದ ಮೇಲೆ ಮಾತು ವಾಪಸ್ ತೆಗೆದುಕೊಂಡರು.

ಹಾವೇರಿ ಮಾಮಾ: ಪೋಲೆಂಡ್ ಹಟ ಮಾಡಿತು ಅನ್ನುವುದನ್ನೂ ಹಾಗೇ ಬಿಡಬೇಡಿ. 2024ರ ಫೆಬ್ರವರಿಯಲ್ಲಿ ಪುಟಿನ್ ಅಮೆರಿಕದ ಸಂದರ್ಶಕನೊಬ್ಬನಿಗೆ ಹೆಚ್ಚುಕಡಿಮೆ ಇದನ್ನೇ ಹೇಳಿದರು. ಹಿಟ್ಲರ್‌ನನ್ನು ಹೊಗಳಲು ಅಲ್ಲ, ರಷ್ಯದಲ್ಲಿ ಅದು ನಡೆಯುವುದಿಲ್ಲ. ಕೇಳಿದ್ದು ಕೊಡದ ನೆರೆಯವನು ಹೊಡೆಸಿಕೊಂಡರೆ ಅದು ನೆರೆಯವನದೇ ತಪ್ಪು ಅಂತ ತೋರಿಸಲು. ಉಕ್ರೇನ್‌ಗೆ ಸೇನೆ ನುಗ್ಗಿಸಿ ಆಗ ಎರಡು ವರ್ಷವಾಗುತ್ತಿತ್ತು. ನಿಜ ಏನು? 1939ರ ಆಗಸ್ಟ್ 23ರ ಹಿಟ್ಲರ್-ಸ್ಟಾಲಿನ್ ಒಪ್ಪಂದದ ಜೊತೆ ಒಂದು ಗುಟ್ಟಿನ ಕರಾರು ಇತ್ತು, ಅದರಲ್ಲಿ ಪೋಲೆಂಡನ್ನು ಆಗಲೇ ಹಂಚಿಕೊಂಡಿದ್ದರು. ಸೆಪ್ಟೆಂಬರ್ 1ಕ್ಕೆ ಈ ಕಡೆಯಿಂದ ಜರ್ಮನಿ, 17ಕ್ಕೆ ಆ ಕಡೆಯಿಂದ ಸೋವಿಯತ್. ಅಂಥ ಕರಾರೇ ಇಲ್ಲ ಅಂತ ಮಾಸ್ಕೊ ಸಾಧಿಸುತ್ತಲೇ ಬಂತು. ಒಪ್ಪಿದ್ದು 1989ರಲ್ಲಿ.

ಗದಗ ಕಾಕಾ: ಪುಟಿನ್ ಹೇಳಿದರೆ ಸುಳ್ಳು, ಚರ್ಚಿಲ್ ಹೇಳಿದರೆ ವೇದವಾಕ್ಯ. ಬಂಗಾಳದಲ್ಲಿ 1943ರಲ್ಲಿ 30 ಲಕ್ಷ ಜನ ಹಸಿವಿನಿಂದ ಸತ್ತರು. ಆ ಮನುಷ್ಯ ಯುದ್ಧದ ಇತಿಹಾಸ ತಾನೇ ಬರೆದು ನೊಬೆಲ್ ತಗೊಂಡ. ಅದನ್ನು ಯಾರು ಕೇಳುತ್ತೀರಿ?

(ಇದು ಕಾಕಾನ ಒಳ್ಳೆಯ ಏಟು. ಸ್ವಲ್ಪ ಹೊತ್ತು ಗುಂಪು ತಣ್ಣಗಿತ್ತು.)

ಧಾರವಾಡ ಅತ್ತೆ: ಕೇಳಲೇಬೇಕು. ನಿನ್ನ ಮಾತು ಪೂರ್ತಿ ಸರಿ. ಆರು ಸಂಪುಟ ಬರೆದವನಿಗೆ ಬಂಗಾಳದ ಬರಕ್ಕೆ ಹೆಚ್ಚುಕಡಿಮೆ ಜಾಗವೇ ಸಿಗಲಿಲ್ಲ. ಆದರೆ ನಮಗೆ ಹೇಗೆ ಗೊತ್ತಾಯಿತು ಹೇಳು? ಕಲ್ಕತ್ತದ ಸ್ಟೇಟ್ಸ್‌ಮನ್ ಪತ್ರಿಕೆ 1943ರ ಆಗಸ್ಟ್‌ನಲ್ಲಿ ಬೀದಿಯಲ್ಲಿ ಬಿದ್ದವರ ಫೋಟೊ ಛಾಪಿಸಿತು. ಅದರ ಸಂಪಾದಕ ಇಂಗ್ಲಿಷರವನೇ, ಇಯಾನ್ ಸ್ಟೀಫನ್ಸ್. ಆಮೇಲೆ ವಿಚಾರಣಾ ಆಯೋಗ ಕೂತಿತು, 1945ರಲ್ಲಿ ವರದಿ ಬಂತು. ಸಾವಿನ ಲೆಕ್ಕ ಕಡಿಮೆ ತೋರಿಸಿದರು, ನಂತರದವರು ಅದನ್ನೂ ತಿದ್ದಿದರು. ಪರದೇಶದ ಸರ್ಕಾರದ ಕೆಳಗೂ ಇಷ್ಟು ಸಂದು ಉಳಿದಿತ್ತು. ನೀನು ಐದು ವರ್ಷಕ್ಕೆ ಕರೆಯುತ್ತೀಯಲ್ಲ, ಅವನು ಮೊದಲು ಮುಚ್ಚುವುದು ಆ ಸಂದನ್ನೇ.

ಗದಗ ಕಾಕಾ: ಹಿಟ್ಲರ್ ಇಂಗ್ಲೆಂಡನ್ನು ಬಗ್ಗಿಸದಿದ್ದರೆ ನಮಗೆ ಸ್ವಾತಂತ್ರ್ಯ ಎಲ್ಲಿತ್ತು? ಸುಭಾಷರು ಸುಮ್ನೆ ಬರ್ಲಿನ್‌ಗೆ ಹೋಗಿದ್ದರಾ?

ಹಾವೇರಿ ಮಾಮಾ: ಯುದ್ಧದಿಂದ ಇಂಗ್ಲೆಂಡ್ ಸೊರಗಿತು, ಖರೆ. ಅದು ಅವನು ನಮಗೆ ಮಾಡಿದ ಉಪಕಾರ ಅಲ್ಲ. ಸುಭಾಷರು 1942ರ ಮೇನಲ್ಲಿ ಅವನನ್ನು ಕಂಡು, ಭಾರತದ ಸ್ವಾತಂತ್ರ್ಯಕ್ಕೆ ಬಹಿರಂಗವಾಗಿ ಬೆಂಬಲ ಸಾರಿ ಅಂತ ಕೇಳಿದರು. ಕೊಡಲಿಲ್ಲ. 1943ರ ಫೆಬ್ರವರಿಯಲ್ಲಿ ಸಬ್‌ಮರೀನ್ ಹತ್ತಿ ಪೂರ್ವಕ್ಕೆ ಹೊರಟರು. ಇನ್ನೂ ಹಿಂದೆ, 1937ರ ನವೆಂಬರ್‌ನಲ್ಲಿ, ಅದಕ್ಕೂ ಮೊದಲು ಭಾರತದ ವೈಸ್‌ರಾಯ್ ಆಗಿದ್ದ ಹ್ಯಾಲಿಫ್ಯಾಕ್ಸ್ ಅವನ ಮನೆಗೆ ಹೋಗಿದ್ದ. ಗಾಂಧಿಗೆ ಗುಂಡು ಹಾಕಿ, ಸಾಲದಿದ್ದರೆ ಕಾಂಗ್ರೆಸ್ ನಾಯಕರಿಗೆ ಹಾಕಿ ಅಂತ ಹಿಟ್ಲರ್ ಉಪದೇಶ ಮಾಡಿದ. ಜೊತೆಗಿದ್ದ ಬ್ರಿಟಿಷ್ ಅಧಿಕಾರಿ ಬರೆದಿಟ್ಟಿದ್ದಾನೆ.

ಹಾವೇರಿ ಮಾಮಾ: ನಮ್ಮ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪ ಗಾಂಧೀಜಿ ಜೊತೆ ದಂಡಿಗೆ ನಡೆದವರು. 1943ರ ಏಪ್ರಿಲ್ 1ಕ್ಕೆ ಹೊಸರಿತ್ತಿಯಲ್ಲಿ ಗುಂಡಿಗೆ ಬಿದ್ದರು. ಜೊತೆಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಬ್ರಿಟಿಷರ ಮೇಲೆ ಹಿಟ್ಲರ್‌ಗೆ ಇದ್ದ ತಕರಾರು ಇಂಥ ಗುಂಡು ಸಾಲಲಿಲ್ಲ ಅನ್ನುವುದು. ಅವನ ವಿಡಿಯೊ ಹಾವೇರಿ ಕಡೆ ಬರಬಾರದು ನೋಡಿ.

ಗದಗ ಕಾಕಾ: ಆಯ್ತು, ಹಿಟ್ಲರ್ ಬೇಡ. ಎಮರ್ಜೆನ್ಸಿ ನಾನೇ ಕಂಡಿದ್ದೇನೆ. ಟ್ರೇನ್ ಟೈಮಿಗೆ ಬರುತ್ತಿತ್ತು, ಕಚೇರಿಯಲ್ಲಿ ಗುಮಾಸ್ತ ಹತ್ತಕ್ಕೆ ಕೂತಿರುತ್ತಿದ್ದ.

ಧಾರವಾಡ ಅತ್ತೆ: ತಡವಾಗಿದ್ದರೆ ಯಾವ ಪೇಪರ್ ಬರೆಯುತ್ತಿತ್ತು? ಬೆಂಗಳೂರು ಜೈಲಿನಲ್ಲಿ ಆಸ್ತಮಾ ಜಾಸ್ತಿಯಾಗಿ, ಹೊರಗೆ ಬಿಟ್ಟ ಕೆಲವೇ ದಿನದಲ್ಲಿ ನಟಿ ಸ್ನೇಹಲತಾ ರೆಡ್ಡಿ ತೀರಿಕೊಂಡರು, 1977ರ ಜನವರಿಯಲ್ಲಿ. ಹತ್ತಕ್ಕೆ ಕೂತ ಗುಮಾಸ್ತನನ್ನು ಅವರ ಬಗ್ಗೆ ಕೇಳುವ ಹಾಗಿತ್ತಾ?

ಧಾರವಾಡ ಅತ್ತೆ: ನರಗುಂದ ನೆನಪಿದೆಯಾ? 1980ರ ಜುಲೈ 21. ಮಲಪ್ರಭಾ ಕಾಲುವೆಯ ಕರ ಕಟ್ಟುವುದಿಲ್ಲ ಅಂತ ರೈತರು ನಿಂತರು, ಗೋಲಿಬಾರ್ ಆಯಿತು. ನೀನೇ ವಾರಗಟ್ಟಲೆ ಸರಿಯಾಗಿ ಉಣ್ಣಲಿಲ್ಲ. ಎರಡೂವರೆ ವರ್ಷದಲ್ಲಿ ಗುಂಡೂರಾವ್ ಸರ್ಕಾರ ಸೋತು ಮನೆಗೆ ಹೋಯಿತು. ಅವರನ್ನು ಕಳಿಸಿದವರಲ್ಲಿ ನಿನ್ನ ಮತವೂ ಇತ್ತು, ಹೆಮ್ಮೆಯಿಂದ ಹೇಳುತ್ತಿದ್ದೆ. ವರ್ಷ ವರ್ಷ ಜುಲೈ 21ಕ್ಕೆ ಎಲ್ಲ ಪಕ್ಷದವರೂ ಅಲ್ಲಿ ಹೂ ಹಾಕುತ್ತಾರೆ. ಐದು ವರ್ಷಕ್ಕೆ ಅಂತ ಬಂದವನು ಆರನೇ ವರ್ಷ ಏಳದಿದ್ದರೆ ಏನು ಮಾಡುತ್ತೀಯ?

(ಬಹಳ ಹೊತ್ತು "ಗದಗ ಕಾಕಾ ಟೈಪ್ ಮಾಡುತ್ತಿದ್ದಾರೆ" ಅಂತ ಬರುತ್ತಿತ್ತು.)

ಗದಗ ಕಾಕಾ: ಅದೆಲ್ಲ ಸರಿ. ನಮ್ಮ ಓಣಿಯ ರಸ್ತೆ ಅಗೆದು ಎಷ್ಟು ಮಳೆಗಾಲ ಆಯಿತು. ನಿಮ್ಮ ಜರ್ಮನಿ, ಪೋಲೆಂಡ್ ಕಟ್ಟಿಕೊಂಡು ನಾನೇನು ಮಾಡಲಿ?

ಧಾರವಾಡ ಅತ್ತೆ: ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕು. 10 ರೂಪಾಯಿ. ಯಾರಿಗೆ ಗುತ್ತಿಗೆ, ಎಷ್ಟಕ್ಕೆ, ಎಷ್ಟು ಬಿಲ್ ಪಾವತಿಯಾಗಿದೆ, ಅಳತೆ ಪುಸ್ತಕದ ನಕಲು. ನಾನೇ ಬರೆದು ಕಳಿಸುತ್ತೇನೆ. 30 ದಿನದಲ್ಲಿ ಉತ್ತರ ಕೊಡಬೇಕು.

ಗದಗ ಕಾಕಾ: ಕೊಡದಿದ್ದರೆ?

ಧಾರವಾಡ ಅತ್ತೆ: ಮೇಲ್ಮನವಿ. ಅದಾದ ಮೇಲೆ ಆಯೋಗ.

ಗದಗ ಕಾಕಾ: ಅಷ್ಟರಲ್ಲಿ ನನಗೆ ತೊಂಬತ್ತಾಗಿರುತ್ತದೆ. ಕಳಿಸು. ವಿಡಿಯೊ ಮಾತ್ರ ಅಳಿಸುವುದಿಲ್ಲ.

ವೈನಿ: ಜವಳಕ್ಕೆ ಎಷ್ಟು ಎಲೆ ಹಾಕಿಸಲಿ, ಅದಕ್ಕೂ ಅರ್ಜಿ ಹಾಕಬೇಕಾ?