ಸಹಾಯ ಬೇಕು: ಮನಸ್ಸು ಮಿದುಳನ್ನು ಮುಟ್ಟೋದು ಹೇಗೆ?

ಶಿರಸಿ, ಕುಮಟಾ ಕಡೆ ಭೌತವಿಜ್ಞಾನ ಕಲಿಸುವವರು ಯಾರಾದರೂ ಇದ್ದೀರಾ? ಮನಸ್ಸು ಜಡವಸ್ತು ಅಲ್ಲ ಅಂದರೆ ಅದು ನರಕೋಶವನ್ನು ಕದಲಿಸೋದು ಹೇಗೆ? 1643ರಲ್ಲೇ ಬೊಹೀಮಿಯಾದ ರಾಜಕುಮಾರಿ ಎಲಿಜಬೆತ್, ಮನಸ್ಸು ಬೇರೆ ದೇಹ ಬೇರೆ ಅಂದ ಫ್ರೆಂಚ್ ತತ್ವಜ್ಞಾನಿ ಡೆಕಾರ್ಟ್‌ಗೆ ಪತ್ರ ಬರೆದು ಇದನ್ನೇ ಕೇಳಿದ್ದಳು. ಅವನು ತನ್ನ ಪುಸ್ತಕದಲ್ಲಿ ಇವೆರಡೂ ಕೂಡುವ ಜಾಗ ಅಂತ ಮಿದುಳಿನ ನಡುವಿನ ಪುಟ್ಟ ಪೀನಿಯಲ್ ಗ್ರಂಥಿ ತೋರಿಸಿದ. ಜಾಗ ಸಿಕ್ಕಿತು, ದಾರಿ ಸಿಗಲಿಲ್ಲ ಅಲ್ವಾ?

ಅಡಿಕೆ ಸುಲಿಯುತ್ತಾ ಅಪ್ಪಯ್ಯ ಕೇಳಿದ್ದೂ ಇದೇ: ಕೈ ಎತ್ತಬೇಕು ಅನ್ನಿಸಿದ ಕೂಡಲೇ ಕೈ ಏಳುತ್ತಲ್ಲ, ಹೇಗೆ?

1963ರಲ್ಲಿ ನೊಬೆಲ್ ಪಡೆದ ನರವಿಜ್ಞಾನಿ ಜಾನ್ ಎಕಲ್ಸ್, ಭೌತವಿಜ್ಞಾನಿ ಬೆಕ್ ಜೊತೆ ಸೇರಿ 1992ರಲ್ಲಿ ಹೇಳಿದ್ದು: ನರಕೋಶಗಳು ಕೂಡುವಲ್ಲಿ ರಾಸಾಯನಿಕ ಹೊರಬೀಳೋದು ಕ್ವಾಂಟಮ್ (ಅತಿ ಸಣ್ಣ ಕಣಗಳ ಲೋಕದ) ಸಂಭವನೀಯತೆಯ ಮಾತು, ಅಂದರೆ ಆಗಲೂಬಹುದು ಆಗದಿರಲೂಬಹುದು, ಮನಸ್ಸು ಶಕ್ತಿ ಸುರಿಯದೆ ಆ ಸಾಧ್ಯತೆಯನ್ನಷ್ಟೇ ಹೆಚ್ಚಿಸುತ್ತದೆ ಅಂತ. ಆದರೆ ಸಾಧ್ಯತೆ ಎಷ್ಟು ಅಂತ ಹೇಳೋದೂ ಕ್ವಾಂಟಮ್ ನಿಯಮವೇ; ಅದನ್ನೇ ಹೊರಗಿನಿಂದ ಬದಲಾಯಿಸಿದರೆ ಆ ನಿಯಮ ಮುರಿದ ಹಾಗಲ್ವಾ? ನನಗೆ ಇಲ್ಲೇ ಜಾಸ್ತಿ ಅನುಮಾನ. ಬಲ್ಲವರು ದಯವಿಟ್ಟು ಬಿಡಿಸಿ ಹೇಳಿ, ನಾನೇ ಮನೆಗೆ ಬರುತ್ತೇನೆ.