ಸಹಾಯ ಬೇಕು: ತಾರಸಿಯ ಮಲ್ಲಿಗೆ ಮೊಗ್ಗು ನೇರಳೆಯಾಗಿ ಉದುರುತ್ತಿದೆ

ಊರು ಮೈಸೂರು. 14 ಇಂಚಿನ ಕುಂಡಗಳಲ್ಲಿ ಮಲ್ಲಿಗೆ. ಕೆಮ್ಮಣ್ಣು ಎರಡು ಪಾಲು, ಕೊಟ್ಟಿಗೆ ಗೊಬ್ಬರ ಒಂದು, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಒಂದು. ಬೆಳಗ್ಗೆ ಏಳರೊಳಗೆ ನೀರು, ಬಿಸಿಲು ಜೋರಿದ್ದರೆ ಸಂಜೆಯೂ. ಚಿಗುರು ಚೆನ್ನಾಗಿದೆ. ಮೊಗ್ಗು ಮಾತ್ರ ಅರಳುವ ಮೊದಲೇ ನೇರಳೆಗೆ ತಿರುಗಿ ಉದುರುತ್ತಿದೆ.

ಮೊಗ್ಗಿನಲ್ಲಿ ತೂತು, ಗೊಂಚಲಲ್ಲಿ ನೂಲಿನಂಥ ಬಲೆ ಇದ್ದರೆ ಮೊಗ್ಗು ಕೊರೆಯುವ ಹುಳು ಅನ್ನಬಹುದಿತ್ತು. ಇಲ್ಲಿ ಎರಡೂ ಇಲ್ಲ. ಮೊಗ್ಗಿನ ಬುಡ ಊದಿದೆ, ಬಿಡಿಸಿದರೆ ಒಳಗೆ ಸಣ್ಣ ಬಿಳಿ ಮರಿಹುಳು. ಹಾಗಾಗಿ ಮೊಗ್ಗುನೊಣದ ಮೇಲೇ ಅನುಮಾನ. ಅದರ ಮರಿ ಮಣ್ಣಿಗಿಳಿದು ಕೋಶ ಕಟ್ಟುವುದರಿಂದ ಗಿಡಕ್ಕೆ ಸಿಂಪಡಿಸಿದರಷ್ಟೇ ಸಾಲದು. ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಕೆಲವು ಹನಿ ಸೋಪಿನ ನೀರು ಬೆರೆಸಿ ಸಂಜೆ ಹೊಡೆಯುತ್ತಿದ್ದೇವೆ (ಸುಡುಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತೆ). ಉದುರಿದ ಮೊಗ್ಗನ್ನು ಕವರಿಗೆ ಕಟ್ಟಿ ಬಿಸಾಡುತ್ತೇವೆ, ಗೊಬ್ಬರದ ಗುಂಡಿಗೆ ಹಾಕಲ್ಲ.

ಮಣ್ಣಲ್ಲಿರುವ ಮರಿಗೆಂದು ಈ ಅಳತೆಯ ಕುಂಡದ ಮಣ್ಣಿಗೆ ಬೇವಿನ ಹಿಂಡಿ ಎಷ್ಟು ಗ್ರಾಂ, ಎಷ್ಟು ದಿನಕ್ಕೊಮ್ಮೆ ಹಾಕಬೇಕು? ಹಳದಿ ಅಂಟುಹಾಳೆಗೆ ಈ ನೊಣ ಬೀಳುತ್ತಾ? ಮುಡಿಯುವ ಹೂವು, ರಾಸಾಯನಿಕ ಬೇಡ. ಈ ವಾರ ಪೂರ್ತಿ ಮನೆಯಲ್ಲೇ, ಟಿವಿ ಬಿಟ್ಟರೆ ಬೇರೆ ಕೆಲಸವಿಲ್ಲ. ದಿನಾ ಎರಡು ಹೊತ್ತು ಮಾಡಬೇಕಾದ ಉಪಾಯವಾದರೂ ಸರಿ, ತಿಳಿದವರು ಹೇಳಿ.