ಮಾತು ಬಿಡೋ ವಿದ್ಯೆ ಮಗನಿಗೆ ಎಲ್ಲಿಂದ ಬಂತು?

ಎಲ್ಲರಿಗೂ ನಮಸ್ಕಾರ. ಹೋದ ವಾರ ಇಲ್ಲಿ ಒಬ್ಬರು ಕೇಳಿದ್ದರು: "ಮಗನಿಗೆ ಹದಿನೆಂಟು ತುಂಬಿತು. ಡೇಟಿಂಗ್ ಬಗ್ಗೆ ಏನೇನೋ ವಿಡಿಯೊ ನೋಡ್ತಾನೆ. ಹುಡುಗಿಯರ ಮನಸ್ಸು ಗೆಲ್ಲೋ ಸೈಕಾಲಜಿ ಅಂತೆ. ತಡೀಬೇಕಾ, ಸುಮ್ನೆ ಬಿಡ್ಬೇಕಾ?" ಅರ್ಧ ಜನ ಫೋನ್ ಕಿತ್ಕೊಳ್ಳಿ ಅಂದರು. ಇನ್ನರ್ಧ ಜನ ಕಾಲ ಬದಲಾಗಿದೆ ಬಿಡಿ ಅಂದರು. ನಮ್ಮ ಮನೆಯಲ್ಲೂ ಇದೇ ಕತೆ ನಡೆದಿದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ. ಕಾಫಿ ಇಟ್ಟುಕೊಂಡು ಓದಿ.

ನಾವಿರುವುದು ಕೆನಡಾದ ವ್ಯಾಂಕೂವರ್ ಪಕ್ಕದ ಕೊಕ್ವಿಟ್ಲಮ್‌ನಲ್ಲಿ. ಬಂದು ಹದಿನೇಳು ವರ್ಷವಾಯಿತು. ಮಗನಿಗೆ ಹತ್ತೊಂಬತ್ತು, ಮಗಳಿಗೆ ಹದಿನೈದು. ಹೋದ ಬೇಸಿಗೆಯಲ್ಲಿ ತಿಪಟೂರಿನಿಂದ ನಮ್ಮತ್ತೆ ಬಂದಿದ್ದರು. ಊರಿಂದ ಬಂದವರನ್ನು ಸುತ್ತಾಡಿಸುವ ಜಾಗಗಳ ಪಟ್ಟಿ ಇಲ್ಲಿನ ಎಲ್ಲರ ಮನೆಯಲ್ಲೂ ಹೆಚ್ಚುಕಮ್ಮಿ ಒಂದೇ. ಕೆಪಿಲಾನೊ ತೂಗುಸೇತುವೆ ಅದರಲ್ಲಿ ಇದ್ದೇ ಇರುತ್ತದೆ. ಕಾರಿನಲ್ಲಿ ಹೋಗುವಾಗ ಹಿಂದಿನ ಸೀಟಿನಿಂದ ಮಗ ಹೇಳಿದ: "ಅಪ್ಪ, ಫಸ್ಟ್ ಡೇಟಿಗೆ ಹುಡುಗೀನ ಇಲ್ಲಿಗೇ ಕರ್ಕೊಂಡ್ ಬರ್ಬೇಕಂತೆ. ಹೆದರಿಕೆಗೆ ಎದೆ ಹೊಡ್ಕೊಳತ್ತಲ್ಲ, ಅದನ್ನ ಅವಳು ಪ್ರೀತಿ ಅಂದ್ಕೋತಾಳಂತೆ. ಇದು ಸೈನ್ಸ್."

ಅವರಮ್ಮ ತಿರುಗಿಯೂ ನೋಡದೆ ಕೇಳಿದಳು: "ಟಿಕೆಟ್ ದುಡ್ಡು ಯಾರು ಕೊಡ್ತಾರೆ?"

ಸೇತುವೆ ಸುಮಾರು 140 ಮೀಟರ್ ಉದ್ದ. ಕೆಳಗಿನ ನದಿ 70 ಮೀಟರ್ ಆಳದಲ್ಲಿದೆ. ಅತ್ತೆ ಸೀರೆಯ ಕೆಳಗೆ ಮಗಳ ಬಿಳಿ ಶೂ ಹಾಕಿಕೊಂಡಿದ್ದರು. ಒಂದು ಕೈ ಕಂಬಿಯ ಮೇಲೆ, ಇನ್ನೊಂದು ಕೈಯಲ್ಲಿ ಮೊಮ್ಮಗನ ಮಣಿಕಟ್ಟು. ಅರ್ಧ ದಾರಿಯಲ್ಲಿ ಯಾರೋ ಹುಡುಗರು ಬೇಕಂತಲೇ ಕುಣಿದರು, ಹಲಗೆಗಳು ಜೋಲಿ ಹೊಡೆದವು. "ಅಯ್ಯೋ ರಂಗನಾಥ, ನದಿ ನೋಡಿದ್ದಾಯ್ತು, ತಿರುಗಿ ಹೋಗಣ ನಡಿಯೋ" ಅಂದರು. ಆ ಕಡೆ ಮುಟ್ಟಿ ಬೆಂಚಿನ ಮೇಲೆ ಕೂತ ಮೇಲೂ ಮಣಿಕಟ್ಟು ಬಿಡಲಿಲ್ಲ. ಸಂಜೆ ಮನೆಯಲ್ಲಿ ಮಗ ತನ್ನ ಕೈಮೇಲಿನ ಬಳೆಯ ಗುರುತು ತೋರಿಸಿ, "ಅಜ್ಜಿಗೆ ನನ್ನ ಮೇಲೆ ಲವ್ ಆಗಿದೆ" ಅಂತ ನಗುತ್ತಿದ್ದ.

ರಾತ್ರಿ ಕೂತು ಹುಡುಕಿ ಓದಿದೆ. ಮಗ ಹೇಳಿದ್ದು ಪೂರ್ತಿ ಸುಳ್ಳೇನಲ್ಲ. 1974ರಲ್ಲಿ ಡೊನಾಲ್ಡ್ ಡಟನ್ ಮತ್ತು ಆರ್ಥರ್ ಆರನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಇದೇ ಸೇತುವೆಯ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ದಾಟುತ್ತಿದ್ದ ಗಂಡಸರನ್ನು ಒಬ್ಬ ಯುವತಿ ನಿಲ್ಲಿಸಿ, ಕೆಲವು ಪ್ರಶ್ನೆ ಕೇಳಿ, ಒಂದು ಚಿತ್ರ ತೋರಿಸಿ ಕತೆ ಬರೆಸಿಕೊಂಡಳು. ಇನ್ನೂ ವಿವರ ಬೇಕಿದ್ದರೆ ಫೋನ್ ಮಾಡಿ ಅಂತ ನಂಬರ್ ಕೊಟ್ಟಳು. ಅದೇ ನದಿಯ ಮೇಲ್ಭಾಗದಲ್ಲಿ ಅಲ್ಲಾಡದ, ಎತ್ತರವಿಲ್ಲದ ಮರದ ಸೇತುವೆಯೊಂದರ ಮೇಲೂ ಹೀಗೇ ಮಾಡಿದರು. ತೂಗುಸೇತುವೆಯಲ್ಲಿ ನಂಬರ್ ತೆಗೆದುಕೊಂಡ 18 ಜನರಲ್ಲಿ 9 ಜನ ಫೋನ್ ಮಾಡಿದರು. ಗಟ್ಟಿ ಸೇತುವೆಯಲ್ಲಿ 16ರಲ್ಲಿ ಇಬ್ಬರು ಮಾತ್ರ. ಎದೆ ಹೊಡೆದುಕೊಂಡಿದ್ದು ಎತ್ತರಕ್ಕೋ, ಹುಡುಗಿಗೋ ಅಂತ ಮನಸ್ಸಿಗೆ ಗೊತ್ತಾಗುವುದಿಲ್ಲ ಎನ್ನುವುದು ಅವರ ವಾದ.

ಎಷ್ಟು ಚಿಕ್ಕ ಲೆಕ್ಕ ನೋಡಿ. ನಮ್ಮ ಗಣೇಶನ ಹಬ್ಬದ ಪಂಕ್ತಿಯಲ್ಲಿ ಒಂದು ಸಾಲಿಗೆ ಕೂರುವಷ್ಟು ಜನ. ಅದನ್ನು ಹಿಡಿದುಕೊಂಡು ಐವತ್ತು ವರ್ಷದಿಂದ ಜಗತ್ತು ಡೇಟಿಂಗ್ ಪಾಠ ಹೇಳುತ್ತಿದೆ. ವಿಡಿಯೊದವರು ಹೇಳದೆ ಬಿಡುವುದು ಆಮೇಲಿನದ್ದನ್ನು. 1981ರಲ್ಲಿ ಇನ್ನೊಂದು ತಂಡ ಹುಡುಗರನ್ನು ನಿಂತಲ್ಲೇ ಓಡಿಸಿ, ಏದುಸಿರು ಬಿಡುವಾಗ ಒಬ್ಬ ಹುಡುಗಿಯ ವಿಡಿಯೊ ತೋರಿಸಿತು. ಅವಳನ್ನು ಚೆಂದ ಕಾಣುವ ಹಾಗೆ ಸಿಂಗರಿಸಿದ್ದಾಗ ಜಾಸ್ತಿ ಓಡಿದವರಿಗೆ ಅವಳು ಇನ್ನೂ ಇಷ್ಟವಾದಳು. ಚೆಂದ ಕಾಣದ ಹಾಗೆ ಮಾಡಿದ್ದಾಗ ಇನ್ನೂ ಬೇಡವಾದಳು. ಅಂದರೆ ಎದೆಬಡಿತ ಒಳಗೆ ಇರುವುದನ್ನೇ ಜೋರು ಮಾಡುತ್ತದೆ. ಇಷ್ಟವಿಲ್ಲದ ಹುಡುಗನ ಜೊತೆ ತೂಗುಸೇತುವೆ ಹತ್ತಿದ ಹುಡುಗಿ ಇಳಿದ ಮೇಲೆ ಬಸ್ ಹಿಡಿದು ಮನೆಗೆ ಹೋಗುತ್ತಾಳೆ, ಅಷ್ಟೇ.

ಇದನ್ನು ಮಗನಿಗೆ ಹೇಳಿ ಬೀಗಿದೆ. ಅಲ್ಲಿಗೆ ಮುಗೀತು ಅಂದುಕೊಂಡಿದ್ದೆ.

ಅಕ್ಟೋಬರ್‌ನಲ್ಲಿ ಒಂದು ರಾತ್ರಿ ಊಟಕ್ಕೆ ಕೂತಿದ್ದೆವು. ಮಗನ ಫೋನ್ ತಟ್ಟೆಯ ಪಕ್ಕದಲ್ಲಿ ಮಗುಚಿ ಮಲಗಿತ್ತು. ಗುರ್ ಅಂತು. ನೋಡಲಿಲ್ಲ. ಮತ್ತೆ ಗುರ್ ಅಂತು. ಫೋನಿನ ಬದಲು ಗೋಡೆ ಗಡಿಯಾರ ನೋಡಿದ. "ಯಾಕೋ ತಗೊಳಲ್ಲ?" ಅಂದೆ. ಕಾಲೇಜಿನಲ್ಲಿ ಒಬ್ಬಳು ಹುಡುಗಿ ಪರಿಚಯವಾಗಿದ್ದಾಳೆ, ಕೂಡಲೇ ಉತ್ತರ ಕೊಟ್ಟರೆ ಬೆಲೆ ಕಮ್ಮಿಯಾಗುತ್ತದೆ, ಆರು ಗಂಟೆ ಬಿಟ್ಟು ಚಿಕ್ಕದಾಗಿ ಕೊಡಬೇಕು ಅಂತ ವಿವರಿಸಿದ. ಆ ಹುಡುಗಿ ಏನು ಬರೆದಿದ್ದಳು ಅಂತ ಅವನ ತಂಗಿ ಫೋನ್ ಎತ್ತಿ ಓದಿಯೇಬಿಟ್ಟಳು. ಅವರ ಮನೆಯ ಮುದಿ ನಾಯಿ ಅವತ್ತು ಮೆಟ್ಟಿಲು ಹತ್ತಲಾರದೆ ಕೆಳಗೇ ನಿಂತಿತ್ತಂತೆ. ಇವನು ಆರು ಗಂಟೆ ಬಿಟ್ಟು ಅದಕ್ಕೆ ಕಳಿಸಬೇಕೆಂದಿದ್ದು ಒಂದು ಹೆಬ್ಬೆರಳಿನ ಚಿತ್ರ.

ನಾನು ಬೈಯಲು ಶುರುಮಾಡಿದೆ. ಯಾರೋ ಕಳಿಸಿದ್ದಕ್ಕೆ ಉತ್ತರ ಕೊಡದೆ ಕಾಯಿಸುವುದು ಎಂಥ ಸಂಸ್ಕಾರ, ಇದನ್ನೆಲ್ಲ ಎಲ್ಲಿ ಕಲಿತೆ, ಆ ವಿಡಿಯೊಗಳಿಂದ ತಾನೆ ಅಂತ.

ನನ್ನ ಹೆಂಡತಿ ಅನ್ನಕ್ಕೆ ಮಜ್ಜಿಗೆ ಹಾಕಿಕೊಳ್ಳುತ್ತಾ ಹೇಳಿದಳು: "ವಿಡಿಯೊ ಯಾಕ್ರೀ ಬೇಕು? ಮನೇಲೇ ನೋಡಿದಾನಲ್ಲ. ನೀವು ಮಾತು ಬಿಟ್ರೆ ಮೂರು ದಿನ."

ಯಾರೂ ಮಾತಾಡಲಿಲ್ಲ. ಮಗಳು ಮಾತ್ರ, "ಯುಗಾದಿ ಟೈಮಲ್ಲಿ ಐದು" ಅಂದಳು.

ನಮ್ಮ ಹೆಣ್ಣು ನೋಡುವ ಶಾಸ್ತ್ರದ ಕತೆ ಇಲ್ಲಿ ಹೇಳಬೇಕು. 2003. ತಾರಸಿಯ ಮೇಲೆ ಇಬ್ಬರನ್ನೇ ಬಿಟ್ಟರು, ಕೆಳಗೆ ಕೇಸರಿಬಾತು ಮುಗಿಯುವಷ್ಟು ಹೊತ್ತು. ನಾನು ಓದು, ಕೆಲಸ, ಬೆಂಗಳೂರು ಅಂತ ಏನೇನೋ ಕೇಳಿದೆ. ಅವಳು ಕೇಳಿದ್ದು ಒಂದೇ: "ನಿಮಗೆ ಸಿಟ್ಟು ಬರುತ್ತಾ?" ನಾನು ಇಲ್ಲ ಅಂದೆ. ಸುಳ್ಳು ಹೇಳಿದೆ ಅಂತ ನನಗೆ ಅನ್ನಿಸಿರಲಿಲ್ಲ. ನಮ್ಮಪ್ಪನ ಹಾಗೆ ನಾನು ಯಾವತ್ತೂ ಕೂಗಾಡಿದವನಲ್ಲ, ತಟ್ಟೆ ಎಸೆದವನಲ್ಲ. ಸುಮ್ಮನಾಗುತ್ತೇನೆ. ಎದುರಿನವರು ತಾವೇನು ತಪ್ಪು ಮಾಡಿದೆವು ಅಂತ ಹುಡುಕುತ್ತಾ ಮನೆಯಲ್ಲಿ ಓಡಾಡುತ್ತಾರೆ. ಮೂರನೇ ದಿನ "ಉಪ್ಪಿನಕಾಯಿ ಎಲ್ಲಿ?" ಅಂದರೆ ರಾಜಿಯಾಯಿತು ಅಂತ ಅರ್ಥ. ಇದನ್ನು ನಾನು ದೊಡ್ಡತನ ಅಂದುಕೊಂಡಿದ್ದೆ.

ಕಾಯಿಸುವ ಉಪಾಯ ಕೆಲಸವೇ ಮಾಡುವುದಿಲ್ಲ ಅಂತ ಹೇಳಿದರೆ ಮಕ್ಕಳು ನಂಬುವುದಿಲ್ಲ. ಯಾಕೆಂದರೆ ಸ್ವಲ್ಪ ಮಟ್ಟಿಗೆ ಮಾಡುತ್ತದೆ. 2011ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ಹುಡುಗಿಯರ ಮೇಲೆ ಒಂದು ಅಧ್ಯಯನ ನಡೆಯಿತು. ಕೆಲವರಿಗೆ "ಈ ಹುಡುಗರಿಗೆ ನೀವು ತುಂಬ ಇಷ್ಟ" ಅಂದರು, ಕೆಲವರಿಗೆ "ಸಾಧಾರಣ ಇಷ್ಟ" ಅಂದರು, ಉಳಿದವರಿಗೆ "ಎರಡರಲ್ಲಿ ಯಾವುದೋ ಒಂದು" ಅಂದರು. ಕೊನೆಯ ಗುಂಪಿಗೇ ಆ ಹುಡುಗರ ಮೇಲೆ ಸೆಳೆತ ಜಾಸ್ತಿ. ಗೊತ್ತಾಗದ್ದನ್ನು ಮನಸ್ಸು ಮತ್ತೆ ಮತ್ತೆ ಮೆಲುಕು ಹಾಕುತ್ತದೆ, ಆ ಮೆಲುಕನ್ನೇ ಇಷ್ಟ ಅಂದುಕೊಳ್ಳುತ್ತದೆ. ಆದರೆ ಅಲ್ಲಿದ್ದದ್ದು ಯಾವತ್ತೂ ಭೇಟಿಯಾಗದ ಹುಡುಗರ ಪ್ರೊಫೈಲುಗಳು. 2018ರಲ್ಲಿ ಗುರಿಟ್ ಬರ್ನ್‌ಬೌಮ್ ಮತ್ತು ಹ್ಯಾರಿ ರೈಸ್ ಚಾಟ್ ಮಾಡುವ ಜೋಡಿಗಳನ್ನು ನೋಡಿದಾಗ ಉಲ್ಟಾ ಬಂತು. ಎದುರಿನವರಿಗೆ ತಮ್ಮ ಮೇಲೆ ಮನಸ್ಸಿದೆ ಅಂತ ಖಾತ್ರಿಯಾದಾಗಲೇ ಆಸೆ ಹೆಚ್ಚಿತು, ಅನುಮಾನ ಇದ್ದಾಗ ತಗ್ಗಿತು. ನನಗೆ ಈ ಎರಡನೆಯದೇ ಹೆಚ್ಚು ನಿಜ ಅನ್ನಿಸುತ್ತದೆ. ನನ್ನ ಮೂರು ದಿನದ ಮೌನದಲ್ಲಿ ಹೆಂಡತಿ ನನ್ನ ಬಗ್ಗೆ ಯೋಚಿಸುತ್ತಿದ್ದಳು, ಹೌದು. ಏನಂತ ಯೋಚಿಸುತ್ತಿದ್ದಳು ಅಂತ ಈಗ ಕೇಳಿ ತಿಳಿದುಕೊಂಡಿದ್ದೇನೆ, ಇಲ್ಲಿ ಬರೆಯುವಂಥದ್ದಲ್ಲ.

ಹಾಗಾದರೆ ಯಾವುದು ಹತ್ತಿರ ತರುತ್ತದೆ? ಇಲ್ಲಿಂದ ಕಾರಿನಲ್ಲಿ ಮೂರು ಗಂಟೆ ದೂರದ ಸಿಯಾಟಲ್‌ನಲ್ಲಿ ಜಾನ್ ಗಾಟ್‌ಮನ್ ಎಂಬ ಮನಶ್ಶಾಸ್ತ್ರಜ್ಞ ಹೊಸದಾಗಿ ಮದುವೆಯಾದವರನ್ನು ಮನೆಯ ಹಾಗೇ ಇರುವ ಲ್ಯಾಬಿನಲ್ಲಿ ಇರಿಸಿ ಗಮನಿಸಿದರು. ಅವರು ನೋಡಿದ್ದು ದೊಡ್ಡ ಮಾತುಗಳನ್ನಲ್ಲ. "ಅಲ್ನೋಡು, ಹಕ್ಕಿ" ಅಂತ ಒಬ್ಬರು ಅಂದರೆ ಇನ್ನೊಬ್ಬರು ತಲೆ ಎತ್ತುತ್ತಾರಾ, "ಹೂಂ" ಅಂತಾರಾ, ಕೇಳಿಸಿಯೇ ಇಲ್ಲ ಅನ್ನುವಂತೆ ಇರುತ್ತಾರಾ? ಆರು ವರ್ಷದ ಮೇಲೂ ಜೊತೆಗಿದ್ದವರು ಇಂಥ ನೂರರಲ್ಲಿ 86 ಸಲ ಓಗೊಟ್ಟಿದ್ದರು, ಬೇರೆಯಾದವರು 33 ಸಲ. ಮುದಿ ನಾಯಿ ಮೆಟ್ಟಿಲು ಹತ್ತಲಿಲ್ಲ ಅನ್ನುವುದೂ ಇಂಥದ್ದೇ ಒಂದು ಕರೆ. ಹಾರ್ವರ್ಡ್‌ನವರ 2017ರ ಅಧ್ಯಯನವೊಂದು ಇನ್ನೂ ಸುಲಭದ್ದು: ಎದುರಿನವರು ಹೇಳಿದ್ದನ್ನೇ ಹಿಡಿದು ಮುಂದಿನ ಪ್ರಶ್ನೆ ಕೇಳುವವರು ಜನಕ್ಕೆ ಹೆಚ್ಚು ಇಷ್ಟವಾಗುತ್ತಾರೆ, ಅವರಿಗೆ ಎರಡನೇ ಡೇಟ್ ಸಿಗುವುದೂ ಜಾಸ್ತಿ. "ನಾಯಿಗೆ ಎಷ್ಟು ವರ್ಷ?" ಅಷ್ಟು ಕೇಳಿದ್ದರೆ ಸಾಕಿತ್ತು.

ತಮಾಷೆ ಅಂದರೆ, ಸೇತುವೆಯ ಆ ಆರನ್ ಅವರೇ 1997ರಲ್ಲಿ ಹೆದರಿಕೆಯ ಸಹವಾಸವಿಲ್ಲದ ದಾರಿಯೊಂದನ್ನು ತೋರಿಸಿದರು. ಅಪರಿಚಿತರಿಬ್ಬರು 45 ನಿಮಿಷ ಕೂತು 36 ಪ್ರಶ್ನೆಗಳಿಗೆ ಸರದಿಯಂತೆ ಉತ್ತರ ಹೇಳುವುದು. ಊಟಕ್ಕೆ ಯಾರನ್ನು ಕರೆಯುತ್ತೀಯ ಅನ್ನುವಷ್ಟು ಹಗುರದಿಂದ ಶುರುವಾಗಿ, ಇನ್ನೊಬ್ಬರ ಮುಂದೆ ಕೊನೇ ಸಲ ಅತ್ತಿದ್ದು ಯಾವಾಗ ಅನ್ನುವವರೆಗೆ ಹೋಗುತ್ತದೆ. ಹರಟೆ ಹೊಡೆದ ಜೋಡಿಗಳಿಗಿಂತ ಇವರು ಹೆಚ್ಚು ಹತ್ತಿರವಾದರು. ಪ್ರೀತಿ ಹುಟ್ಟಿಸುವ ಮಂತ್ರ ಅಂತ ಈಗ ಇದನ್ನು ಮಾರುತ್ತಾರೆ, ಅವರ ಉದ್ದೇಶ ಅದಾಗಿರಲಿಲ್ಲ. ಇಬ್ಬರೂ ಸರಿಸಮ ತೆರೆದುಕೊಳ್ಳಬೇಕು, ಅದು ಮುಖ್ಯ. ಒಬ್ಬರು ಮಾತ್ರ ಬಿಚ್ಚಿಟ್ಟು ಇನ್ನೊಬ್ಬರು ಗಡಿಯಾರ ನೋಡಿದರೆ ಅದು ಇಂಟರ್‌ವ್ಯೂ.

ನಮ್ಮ ಕಷ್ಟ ಇರುವುದು ಇಲ್ಲೇ ಅನ್ನಿಸುತ್ತದೆ. ಕನ್ನಡದಲ್ಲಿ ಮಾತಿಗೆ ಬರವಿಲ್ಲ. ಆದರೆ ಮನೆಯಲ್ಲಿ ನಾವು ಬಳಸುವುದು ಒಂದೇ, "ಬೇಜಾರು". ಕೆಲಸ ಹೋದರೂ ಬೇಜಾರು, ಟಿವಿ ಸರಿಯಿಲ್ಲದಿದ್ದರೂ ಬೇಜಾರು, ಅಣ್ಣ ಫೋನ್ ಮಾಡದಿದ್ದರೂ ಬೇಜಾರು. ಮಗಳು ಚಿಕ್ಕವಳಿದ್ದಾಗ "ಅಪ್ಪ, ಇದು ಬೋರ್ ಆಗೋ ಬೇಜಾರಾ, ಅಳು ಬರೋ ಬೇಜಾರಾ?" ಅಂತ ಕೇಳುತ್ತಿದ್ದಳು. ಗಂಡುಮಕ್ಕಳಿಗೆ ಅದೂ ಇಲ್ಲ. ಅತ್ತರೆ ಅಳುಮುಂಜಿ. ಹದಿನೆಂಟು ವರ್ಷ ಹೀಗೆ ಬೆಳೆಸಿ, ಹತ್ತೊಂಬತ್ತನೇ ವರ್ಷಕ್ಕೆ ಹುಡುಗಿಯ ಮುಂದೆ ಮನಸ್ಸು ಬಿಚ್ಚಿ ಮಾತಾಡು ಅಂದರೆ ಅವನು ಎಲ್ಲಿಂದ ತರಬೇಕು? ವಿಡಿಯೊದಲ್ಲೇ ಹುಡುಕುತ್ತಾನೆ.

ಈಗ ಏನು ಮಾಡುತ್ತಿದ್ದೇನೆ ಅಂದರೆ, ಫೋನ್ ಕಿತ್ತುಕೊಂಡಿಲ್ಲ. ವಾರಕ್ಕೆರಡು ದಿನ ಅವನನ್ನು ಸ್ಕೈಟ್ರೈನ್ ಸ್ಟೇಷನ್‌ಗೆ ಬಿಡುತ್ತೇನೆ. ಎದುರುಬದುರು ಕೂತಾಗ ಬಾರದ ಮಾತು ಕಾರಿನಲ್ಲಿ ಅಕ್ಕಪಕ್ಕ ಕೂತಾಗ ಬರುತ್ತದೆ. ಮೊದಲು ನನ್ನದು ಹೇಳುತ್ತೇನೆ. ಬಂದ ಮೊದಲ ಚಳಿಗಾಲ ಕೆಲಸ ಸಿಗದೆ ಲೈಬ್ರರಿಯಲ್ಲಿ ಕೂತು ದಿನ ಕಳೆದು, ಮನೆಗೆ ಬಂದು ಇಂಟರ್‌ವ್ಯೂ ಚೆನ್ನಾಗಾಯ್ತು ಅಂತ ಹೇಳುತ್ತಿದ್ದೆ. ಅದನ್ನು ಅವನಿಗೆ ಹೇಳಿದೆ. ಅವನು ತುಂಬ ಹೊತ್ತು ಸುಮ್ಮನಿದ್ದು, "ಅಮ್ಮಂಗೆ ಗೊತ್ತಾ?" ಅಂದ. ಇಲ್ಲ ಅಂದೆ. "ಹೇಳಿ" ಅಂದ.

ಮಾತು ಬಿಡುವುದು ನಿಂತಿದೆಯಾ ಅಂತ ಕೇಳಬೇಡಿ. ಮೂರು ದಿನ ಇದ್ದದ್ದು ಒಂದು ರಾತ್ರಿಗೆ ಇಳಿದಿದೆ. "ನನಗೆ ಈಗ ಸಿಟ್ಟು ಬಂದಿದೆ, ಬೆಳಗ್ಗೆ ಮಾತಾಡೋಣ" ಅಂತ ಹೇಳಿ ಸುಮ್ಮನಾಗುತ್ತೇನೆ. ಮೊದಲ ಸಲ ಹೇಳಿದಾಗ ಹೆಂಡತಿ ನಕ್ಕುಬಿಟ್ಟಳು. ಸಿಟ್ಟು ಇನ್ನೂ ಜಾಸ್ತಿಯಾಯಿತು.

ಹೆಣ್ಣುಮಕ್ಕಳ ಅಪ್ಪ ಅಮ್ಮಂದಿರಿಗೆ ಒಂದು ಮಾತು. ಒಂದು ದಿನ ಮುದ್ದು, ಮೂರು ದಿನ ಮಾಯ, ಮತ್ತೆ ಮುದ್ದು, ಹೀಗೆ ಇರುವ ಹುಡುಗ ಬಹಳ ಹಿಡಿದುಬಿಡುತ್ತಾನೆ. ಕ್ಯಾಸಿನೊದ ಸ್ಲಾಟ್ ಮಷೀನ್ ಹಾಗೇ. ಯಾವಾಗ ದುಡ್ಡು ಬೀಳುತ್ತದೆ ಗೊತ್ತಾಗದ್ದರಿಂದಲೇ ಜನ ಏಳುವುದಿಲ್ಲ. ನನ್ನ ಮಗಳಿಗೆ ಹೇಳಿದ್ದು ಇಷ್ಟು: ಅವನ ಮೆಸೇಜ್ ಬಂದಾಗ ನಿನಗೆ ಖುಷಿಯಾಗುತ್ತದಾ, ಇಲ್ಲಾ ಸದ್ಯ ಬಂತಲ್ಲ ಅಂತ ಉಸಿರು ಬಿಡುತ್ತೀಯಾ, ನೋಡಿಕೋ. ಅವಳು, "ಅಮ್ಮ ಯಾವುದು ಮಾಡ್ತಿದ್ರು, ಅಪ್ಪ?" ಅಂದಳು. ಹದಿನೈದಕ್ಕೇ ಈ ಬಾಯಿ.

ಸೇರಿಸುತ್ತಿದ್ದೇನೆ: ಆ ಹುಡುಗಿ ಏನಾದಳು, ಅವರು ಯಾವ ಕಡೆಯವರು ಅಂತ ಮೂರು ಜನ ಕೇಳಿದ್ದೀರಿ. ಕಡೆ ಗೊತ್ತಿಲ್ಲ, ನಾನು ವಿಚಾರಿಸಿಲ್ಲ. ಅವತ್ತು ರಾತ್ರಿ ಊಟವಾದ ಮೇಲೆ ಮಗ ಫೋನ್ ಹಿಡಿದು ಬಾಲ್ಕನಿಗೆ ಹೋದ, ಚಳಿಯಲ್ಲಿ ಬಹಳ ಹೊತ್ತು ನಿಂತಿದ್ದ. ಹೋದ ಶನಿವಾರ ನನ್ನ ಡ್ರಿಲ್ ಕೇಳಿ ತೆಗೆದುಕೊಂಡು ಹೋದ. ನಾಯಿಗೆ ಮೆಟ್ಟಿಲ ಮೇಲೆ ಇಳಿಜಾರು ಹಲಗೆ ಹಾಕಬೇಕಂತೆ. ಡ್ರಿಲ್ ಇನ್ನೂ ವಾಪಸ್ ಬಂದಿಲ್ಲ.